ಅಮೆರಿಕೆಯ ಸಂಸ್ಥಾನ ಶಾಸನಗಳಲ್ಲಿ ಪೋಲೀಸರೂ ಪರದೇಶಸ್ಥರೂ

೧

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರಾಜ್ಯವ್ಯವಸ್ಥೆಯಲ್ಲಿ ಎರಡು ಅಧಿಕಾರಗಳು ಒಂದೇ ಬೀದಿಯಲ್ಲಿ ಸಂಧಿಸುತ್ತವೆ. ದೇಶದೊಳಕ್ಕೆ ಯಾರು ಬರಬಹುದು, ಬಂದವರಲ್ಲಿ ಯಾರು ನಿಲ್ಲಬಹುದು, ಯಾರನ್ನು ಹೊರಕ್ಕೆ ಕಳುಹಿಸಬೇಕು ಎಂಬುದನ್ನು ನಿರ್ಣಯಿಸುವುದು ವಾಷಿಂಗ್ಟನ್ನಿನಲ್ಲಿರುವ ಸಂಯುಕ್ತ ಸರ್ಕಾರದ ಅಧಿಕಾರ. ಬೀದಿಯಲ್ಲಿ ಗಸ್ತು ತಿರುಗುವ ಪೋಲೀಸಿನವನಾದರೋ ಸಂಯುಕ್ತ ಸರ್ಕಾರದ ನೌಕರನಲ್ಲ. ಅವನು ಒಂದು ನಗರದ, ಒಂದು ಕೌಂಟಿಯ, ಅಥವಾ ಒಂದು ಸಂಸ್ಥಾನದ ನೌಕರ. ಭಾರತದಲ್ಲಿ ಪೋಲೀಸು ಹೇಗೆ ರಾಜ್ಯಗಳಿಗೆ ಸೇರಿದ ವಿಷಯವೋ ಹಾಗೆಯೇ ಅಲ್ಲಿಯೂ ಅದು ಸಂಸ್ಥಾನಗಳಿಗೆ ಸೇರಿದೆ. ಆದರೆ ಅಲ್ಲಿ ಅಧಿಕಾರವು ಇನ್ನೂ ಒಂದೆರಡು ಮೆಟ್ಟಿಲು ಕೆಳಕ್ಕೆ ಇಳಿದಿದೆ. ದೇಶದಲ್ಲಿ ಒಬ್ಬರಿಗೊಬ್ಬರು ಅಧೀನರಲ್ಲದ ಸುಮಾರು ೧೮,೦೦೦ ಪೋಲೀಸು ದಳಗಳುಂಟು. ಜಿಲ್ಲೆಗೆ ಸಮಾನವೆನ್ನಬಹುದಾದ ಕೌಂಟಿಯಲ್ಲಿ ಪೋಲೀಸಿಗೂ ಸೆರೆಮನೆಗೂ ಮುಖ್ಯಸ್ಥನಾದ ಶೆರೀಫನನ್ನು ಬಹುತೇಕ ಸಂಸ್ಥಾನಗಳಲ್ಲಿ ಜನರೇ ಮತಕೊಟ್ಟು ಆರಿಸುತ್ತಾರೆ.

ಹೀಗಿರಲು ಮೂರು ಪ್ರಶ್ನೆಗಳು ಏಳುತ್ತವೆ. ಸಂಯುಕ್ತ ಸರ್ಕಾರವು ಹೊರಗಟ್ಟಬೇಕೆಂದಿರುವ ಪರದೇಶಸ್ಥನನ್ನು ಊರ ಪೋಲೀಸಿನವನು ಹಿಡಿದುಕೊಡಲೇ ಬೇಕೇ? ತಾನಾಗಿ ಹಿಡಿದುಕೊಡಬಹುದೇ? ಹಿಡಿದುಕೊಡಬಾರದೆಂದು ಅವನ ಸಂಸ್ಥಾನವು ಅವನಿಗೆ ವಿಧಿಸಬಹುದೇ? ಈ ವ್ಯಾಜ್ಯವನ್ನು ವಲಸೆಯ ವ್ಯಾಜ್ಯವೆಂದೇ ಸಾಮಾನ್ಯವಾಗಿ ಎಣಿಸುವುದುಂಟು. ಆದರೆ ಇದರ ಇತಿಹಾಸವನ್ನು ಮೊದಲಿನಿಂದ ಪರಿಶೀಲಿಸಿದರೆ, ವಿವಾದದ ಮೂಲವು ಪೋಲೀಸಿನವನು ಯಾರಿಗೆ ಉತ್ತರವಾದಿ ಎಂಬಲ್ಲಿದೆಯೆಂದು ಗೊತ್ತಾಗುತ್ತದೆ. ಪೋಲೀಸರ ನಡತೆಯ ಮೇಲ್ವಿಚಾರಣೆಗಾಗಿ ಸಂಸ್ಥಾನಗಳು ಮಾಡಿದ ಶಾಸನಗಳೂ, ಪೋಲೀಸರನ್ನು ವಲಸೆಯ ಕಾರ್ಯಕ್ಕೆ ತೊಡಗಿಸುವ ಅಥವಾ ಅದರಿಂದ ಬಿಡಿಸುವ ಶಾಸನಗಳೂ ಒಂದೇ ಬೇರಿನಿಂದ ಹುಟ್ಟಿದ ಎರಡು ಕವಲುಗಳು.

೨

ವಲಸೆಯ ವಿಷಯವು ಆದಿಯಿಂದಲೂ ಸಂಯುಕ್ತ ಸರ್ಕಾರದ ಕೈಯಲ್ಲಿಯೇ ಇದ್ದಿತೆಂದು ಭಾವಿಸುವುದು ಸರಿಯಲ್ಲ. ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಹಡಗಿನಿಂದ ಇಳಿಯುವವರನ್ನು ಪರೀಕ್ಷಿಸುತ್ತಿದ್ದವರು ಬಂದರುಗಳುಳ್ಳ ಸಂಸ್ಥಾನಗಳ ಅಧಿಕಾರಿಗಳೇ. ನ್ಯೂಯಾರ್ಕ್ ಸಂಸ್ಥಾನವು ೧೮೨೪ರಲ್ಲಿ ಒಂದು ಕಾಯಿದೆಯನ್ನು ಮಾಡಿ, ಪ್ರತಿಯೊಂದು ಹಡಗಿನ ಯಜಮಾನನೂ ತಾನು ತಂದ ಪ್ರಯಾಣಿಕರ ಪಟ್ಟಿಯನ್ನು ಒಪ್ಪಿಸಬೇಕೆಂದು ವಿಧಿಸಿತು. ಸುಪ್ರೀಂ ಕೋರ್ಟು ೧೮೩೭ರಲ್ಲಿ ಇದನ್ನು ಎತ್ತಿಹಿಡಿಯಿತು. ಪ್ರಜೆಗಳ ಆರೋಗ್ಯ ಕ್ಷೇಮಗಳನ್ನು ಕಾಪಾಡಲು ಪ್ರತಿಯೊಂದು ಸಂಸ್ಥಾನಕ್ಕೂ ಸಹಜವಾಗಿರುವ ಅಧಿಕಾರದಲ್ಲಿ ಇದು ಅಡಗಿದೆಯೆಂಬುದು ಅದರ ಅಭಿಪ್ರಾಯವಾಗಿದ್ದಿತು. ೧೮೪೯ರಲ್ಲಿ ಮಾತ್ರ, ನ್ಯೂಯಾರ್ಕ್ ಮತ್ತು ಮ್ಯಾಸಚೂಸೆಟ್ಸ್ ಸಂಸ್ಥಾನಗಳು ಇಳಿಯುವವರ ತಲೆಯ ಮೇಲೆ ಹಾಕುತ್ತಿದ್ದ ತೆರಿಗೆಯನ್ನು ಅದೇ ನ್ಯಾಯಸ್ಥಾನವು ಐವರು ನಾಲ್ವರ ಮತಭೇದದಿಂದ ರದ್ದು ಮಾಡಿತು.

ಕ್ಯಾಲಿಫೋರ್ನಿಯದ ಒಂದು ಪ್ರಸಂಗದಿಂದ ಈ ಬಗೆಯ ಅಧಿಕಾರದ ದೋಷಗಳು ಬಯಲಾದುವು. ಆ ಸಂಸ್ಥಾನದ ಕಾಯಿದೆಯ ಪ್ರಕಾರ ಒಬ್ಬ ಅಧಿಕಾರಿಯು ಹಡಗನ್ನು ಹತ್ತಿ, ಯಾರನ್ನು ದುರ್ನಡತೆಯವರೆಂದು ಅವನು ಭಾವಿಸುತ್ತಾನೋ ಅವರಲ್ಲಿ ಒಬ್ಬೊಬ್ಬರಿಗೂ ೫೦೦ ಚಿನ್ನದ ಡಾಲರುಗಳ ಜಾಮೀನನ್ನು ಕೇಳಬಹುದಾಗಿದ್ದಿತು. ೧೮೭೪ರಲ್ಲಿ ‘ಜಪಾನ್’ ಎಂಬ ಹಡಗಿನಲ್ಲಿ ಬಂದ ಇಪ್ಪತ್ತೆರಡು ಮಂದಿ ಚೀನೀ ಸ್ತ್ರೀಯರನ್ನು ಹೀಗೆ ತಡೆಯಲಾಯಿತು. ಅವರಲ್ಲಿ ಒಬ್ಬಳ ಮೊಕದ್ದಮೆಯು ಸುಪ್ರೀಂ ಕೋರ್ಟಿಗೆ ಹೋಗಿ ೧೮೭೬ರಲ್ಲಿ ತೀರ್ಮಾನವಾಯಿತು. ತೀರ್ಪನ್ನು ಬರೆದ ನ್ಯಾಯಮೂರ್ತಿ ಸ್ಯಾಮುಅಲ್ ಮಿಲ್ಲರನು, ಒಬ್ಬ ಅಲ್ಪ ಅಧಿಕಾರಿಯ ಸ್ವೇಚ್ಛೆಯಿಂದ ಪರರಾಷ್ಟ್ರದೊಡನೆ ಕಲಹವು ಹುಟ್ಟಿದರೆ ಅದರ ಫಲವನ್ನು ಕ್ಯಾಲಿಫೋರ್ನಿಯವೊಂದೇ ಅನುಭವಿಸುವುದೋ ಇಡೀ ದೇಶವು ಅನುಭವಿಸುವುದೋ ಎಂದು ಕೇಳಿದನು. ವಲಸೆಯು ಸಂಯುಕ್ತ ಸರ್ಕಾರಕ್ಕೇ ಸೇರಿದ ವಿಷಯವೆಂಬ ಸಿದ್ಧಾಂತಕ್ಕೆ ಇದು ತಳಹದಿಯಾಯಿತು. ಮಿಲ್ಲರನ ತೀರ್ಪಿನಲ್ಲಿ ರಾಷ್ಟ್ರದ ಗೌರವದೊಂದಿಗೆ ಇನ್ನೊಂದು ಅಂಶವೂ ಕಾಣುತ್ತದೆ: ಯಾರಿಗೂ ಉತ್ತರ ಹೇಳಬೇಕಾಗಿಲ್ಲದ ಅಧಿಕಾರಿಯೊಬ್ಬನು ಕಣ್ಣಳತೆಯಿಂದಲೇ ಮನುಷ್ಯರನ್ನು ವಿಂಗಡಿಸುವುದನ್ನು ಕಂಡು ಆದ ಅಸಹನೆ.

ಆ ಮೇಲೆಯೂ ಸಂಸ್ಥಾನಗಳ ಕೈಯು ಒಮ್ಮೆಗೇ ಬಿಟ್ಟುಹೋಗಲಿಲ್ಲ. ಕಾಂಗ್ರೆಸ್ ಸಭೆಯು ೧೮೮೨ರ ಮೇ ತಿಂಗಳಲ್ಲಿ ಚೀನೀ ಕೂಲಿಗಾರರನ್ನು ಬಹಿಷ್ಕರಿಸುವ ಕಾಯಿದೆಯನ್ನೂ, ಆಗಸ್ಟಿನಲ್ಲಿ ಸಾಮಾನ್ಯವಾದ ವಲಸೆಯ ಕಾಯಿದೆಯನ್ನೂ ಮಾಡಿತು. ಈ ಎರಡನೆಯದರಲ್ಲಿ ತಲೆಗೆ ಅರ್ಧ ಡಾಲರಿನಂತೆ ತೆರಿಗೆಯನ್ನು ಗೊತ್ತುಮಾಡಿದ್ದಲ್ಲದೆ, ಪರೀಕ್ಷೆಯ ಕೆಲಸವನ್ನು ಸಂಸ್ಥಾನಗಳ ಮಂಡಲಿಗಳಿಗೇ ಕರಾರಿನ ಮೇಲೆ ವಹಿಸಬಹುದೆಂದು ಹೇಳಿತು. ಕಾನೂನು ಸಂಯುಕ್ತ ಸರ್ಕಾರದ್ದು, ಕೈ ಸಂಸ್ಥಾನದ್ದು ಎಂಬ ಈ ಏರ್ಪಾಡು ಕೆಲವೇ ವರ್ಷ ನಡೆದು ೧೮೯೦ರ ಸುಮಾರಿಗೆ ಮುರಿದುಬಿದ್ದಿತು. ೧೮೯೧ರ ಕಾಯಿದೆಯಿಂದ ಸಂಯುಕ್ತ ಸರ್ಕಾರವು ತನ್ನದೇ ಆದ ಅಧಿಕಾರಿವರ್ಗವನ್ನು ಏರ್ಪಡಿಸಿತು. ೧೮೯೨ರ ಜನವರಿ ೧ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ಠಾಣೆಯು ತೆರೆಯಿತು. ೧೮೯೩ರಲ್ಲಿ ಸುಪ್ರೀಂ ಕೋರ್ಟು, ಪರದೇಶಸ್ಥನನ್ನು ಹೊರಗಟ್ಟುವುದು ಅಪರಾಧಕ್ಕೆ ವಿಧಿಸುವ ಶಿಕ್ಷೆಯಲ್ಲವೆಂದು ನಿರ್ಣಯಿಸಿತು. ಈ ನಿರ್ಣಯವನ್ನು ಜ್ಞಾಪಕದಲ್ಲಿಡಬೇಕು. ಹೊರಗಟ್ಟುವುದು ಶಿಕ್ಷೆಯಲ್ಲವಾದರೆ, ಅನುಮತಿಯಿಲ್ಲದೆ ದೇಶದಲ್ಲಿ ನಿಂತಿರುವುದೊಂದೇ ಅಪರಾಧವೂ ಅಲ್ಲ; ಅಪರಾಧವಲ್ಲದ ವಿಷಯದಲ್ಲಿ ಅಪರಾಧಿಗಳನ್ನು ಹಿಡಿಯತಕ್ಕ ಊರ ಪೋಲೀಸಿನವನಿಗೆ ಏನು ಕೆಲಸ ಎಂಬ ಪ್ರಶ್ನೆಯು ತೊಂಬತ್ತು ವರ್ಷಗಳ ತರುವಾಯ ಇದರಿಂದಲೇ ಹುಟ್ಟಿತು.

೩

ಬಂದರುಗಳಲ್ಲಿ ಈ ವ್ಯಾಜ್ಯವು ನಡೆಯುತ್ತಿದ್ದ ಕಾಲದಲ್ಲಿಯೇ ಒಳನಾಡಿನಲ್ಲಿ ಅದಕ್ಕಿಂತ ಕ್ರೂರವಾದ ಇನ್ನೊಂದು ವ್ಯಾಜ್ಯವು ನಡೆದಿದ್ದಿತು. ಅದು ತಪ್ಪಿಸಿಕೊಂಡ ಗುಲಾಮರದು. ದಕ್ಷಿಣದ ಸಂಸ್ಥಾನದಿಂದ ಓಡಿ ಬಂದ ಗುಲಾಮನನ್ನು ಉತ್ತರದ ಸಂಸ್ಥಾನದಲ್ಲಿ ಹಿಡಿಯಲು ಒಡೆಯನಿಗೆ ೧೭೯೩ರ ಸಂಯುಕ್ತ ಕಾಯಿದೆಯು ಅಧಿಕಾರ ಕೊಟ್ಟಿದ್ದಿತು. ಸ್ವತಂತ್ರರಾದ ಕಪ್ಪು ಜನರನ್ನೂ ಇದೇ ನೆವದಿಂದ ಕದ್ದೊಯ್ಯುತ್ತಿದ್ದುದರಿಂದ ಪೆನ್ಸಿಲ್ವೇನಿಯ ಸಂಸ್ಥಾನವು ೧೮೨೬ರಲ್ಲಿ ಅಂತಹ ಅಪಹಾರವನ್ನು ದಂಡನೀಯವಾಗಿ ಮಾಡಿತು. ೧೮೩೭ರಲ್ಲಿ ಎಡ್ವರ್ಡ್ ಪ್ರಿಗ್ ಎಂಬವನೂ ಅವನ ಸಂಗಡಿಗರೂ ಆ ಸಂಸ್ಥಾನದಲ್ಲಿ ವಾಸವಾಗಿದ್ದ ಮಾರ್ಗರೆಟ್ ಮಾರ್ಗನ್ ಎಂಬ ಸ್ತ್ರೀಯನ್ನು ಮಕ್ಕಳೊಡನೆ ಹಿಡಿದು ಮೇರಿಲೆಂಡಿಗೆ ಸಾಗಿಸಿದರು. ಈ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೮೪೨ರಲ್ಲಿ ಪ್ರಿಗ್ಗನ ಪರವಾಗಿ ತೀರ್ಪುಕೊಟ್ಟು ಪೆನ್ಸಿಲ್ವೇನಿಯದ ಕಾಯಿದೆಯನ್ನು ರದ್ದು ಮಾಡಿತು. ಆ ತಾಯಿಮಕ್ಕಳಿಗೆ ತೀರ್ಪಿನಿಂದ ಯಾವ ಪರಿಹಾರವೂ ದೊರೆಯಲಿಲ್ಲ.

ಆದರೆ ತೀರ್ಪನ್ನು ಬರೆದ ನ್ಯಾಯಮೂರ್ತಿ ಜೋಸೆಫ್ ಸ್ಟೋರಿಯು ಅದರಲ್ಲಿಯೇ ಒಂದು ಬಾಗಿಲನ್ನು ತೆರೆದಿಟ್ಟನು. ಗುಲಾಮರನ್ನು ಹಿಂದಕ್ಕೆ ಒಪ್ಪಿಸುವ ಕಾರ್ಯವು ಸಂಯುಕ್ತ ಸರ್ಕಾರದ್ದೇ ಆದರೆ, ಅದನ್ನು ನಡೆಸುವ ಹೊರೆಯೂ ಆ ಸರ್ಕಾರದ್ದೇ. ಸಂಸ್ಥಾನದ ನ್ಯಾಯಾಧಿಪತಿಗಳು ಇಷ್ಟವಿದ್ದರೆ ಸಹಾಯ ಮಾಡಬಹುದು, ಸಂಸ್ಥಾನದ ಶಾಸನವು ಬೇಡವೆಂದರೆ ಮಾಡಕೂಡದು ಎಂಬುದು ಅವನ ಮಾತಿನ ತಾತ್ಪರ್ಯ. ಮುಖ್ಯ ನ್ಯಾಯಮೂರ್ತಿ ಟಾನಿಯು ಈ ಅಂಶವನ್ನು ಒಪ್ಪಲಿಲ್ಲ. ಸಂಸ್ಥಾನಗಳು ಒಡೆಯನಿಗೆ ಸಹಾಯ ಮಾಡಲೇ ಬೇಕೆಂದು ಅವನ ವಾದ.

ಉತ್ತರದ ಜನರು ತೆರೆದ ಬಾಗಿಲನ್ನು ಉಪಯೋಗಿಸಿಕೊಳ್ಳಲು ತಡಮಾಡಲಿಲ್ಲ. ಅದೇ ವರ್ಷ ಬಾಸ್ಟನ್ನಿನಲ್ಲಿ ಜಾರ್ಜ್ ಲಾಟಿಮರ್ ಎಂಬ ಓಡಿ ಬಂದ ಗುಲಾಮನನ್ನು ಹಿಡಿದು ಊರ ಸೆರೆಮನೆಯಲ್ಲಿಟ್ಟಾಗ ದೊಡ್ಡ ಗದ್ದಲವೆದ್ದಿತು. ಅರವತ್ತು ಸಾವಿರಕ್ಕೂ ಮೇಲ್ಪಟ್ಟು ಜನರು ರುಜು ಮಾಡಿದ ಅರ್ಜಿಯು ಶಾಸನಸಭೆಗೆ ಬಂದಿತು. ೧೮೪೩ರ ಮ್ಯಾಸಚೂಸೆಟ್ಸ್ ಕಾಯಿದೆಯು ಸಂಸ್ಥಾನದ ನ್ಯಾಯಾಧಿಪತಿಗಳೂ ಶೆರೀಫರೂ ಕಾನ್‌ಸ್ಟೇಬಲರೂ ಓಡಿ ಬಂದ ಗುಲಾಮರನ್ನು ಹಿಡಿಯಲು ನೆರವಾಗಕೂಡದೆಂದೂ, ಸಂಸ್ಥಾನದ ಸೆರೆಮನೆಗಳನ್ನು ಈ ಕಾರ್ಯಕ್ಕೆ ಬಳಸಕೂಡದೆಂದೂ ವಿಧಿಸಿತು. ೧೮೪೭ರಲ್ಲಿ ಪೆನ್ಸಿಲ್ವೇನಿಯವೂ ಹಾಗೆಯೇ ಮಾಡಿತು. ಈ ಶಾಸನಗಳಿಗೆ ವೈಯಕ್ತಿಕ ಸ್ವಾತಂತ್ರ್ಯದ ಕಾಯಿದೆಗಳೆಂದು ಹೆಸರಾಯಿತು. ಇಪ್ಪತ್ತೊಂದನೆಯ ಶತಮಾನದ ಸಂಸ್ಥಾನ ಶಾಸನಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಚೌಕಟ್ಟು ಒಂದೇ ಆಗಿರುವುದು ಸ್ಪಷ್ಟವಾಗುತ್ತದೆ: ಅಧಿಕಾರಿಯ ಕಾಲ, ಸೆರೆಮನೆಯ ಕೊಠಡಿ, ಸಂಸ್ಥಾನದ ಹಣ, ಈ ಮೂರನ್ನೂ ಅನ್ಯಕಾರ್ಯಕ್ಕೆ ಕೊಡಕೂಡದು.

ಇದಕ್ಕೆ ಪ್ರತಿಯಾಗಿ ಕಾಂಗ್ರೆಸ್ ಸಭೆಯು ೧೮೫೦ರಲ್ಲಿ ಕಠಿನತರವಾದ ಕಾಯಿದೆಯನ್ನು ಮಾಡಿ ತನ್ನದೇ ಕಮಿಷನರುಗಳನ್ನು ನೇಮಿಸಿತು. ಹಿಡಿದವನನ್ನು ಒಡೆಯನಿಗೆ ಒಪ್ಪಿಸಿದರೆ ಕಮಿಷನರಿಗೆ ೧೦ ಡಾಲರು, ಬಿಟ್ಟುಬಿಟ್ಟರೆ ೫ ಡಾಲರು ದೊರೆಯುತ್ತಿದ್ದಿತು. ವಿಸ್ಕಾನ್ಸಿನ್ ಸಂಸ್ಥಾನದ ನ್ಯಾಯಸ್ಥಾನವು ಒಂದು ಹೆಜ್ಜೆ ಮುಂದೆ ಹೋಗಿ, ಗುಲಾಮನನ್ನು ಬಿಡಿಸಲು ನೆರವಾದನೆಂದು ಸಂಯುಕ್ತ ಸರ್ಕಾರವು ಬಂಧಿಸಿದ್ದ ಒಬ್ಬನನ್ನು ಬಿಡುಗಡೆ ಮಾಡಿತು. ಇದು ಸಲ್ಲದೆಂದು ೧೮೫೯ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಹೀಗೆ ಅಂತರ್ಯುದ್ಧಕ್ಕೆ ಮುಂಚೆಯೇ ಎರಡು ಗಡಿಕಲ್ಲುಗಳು ನೆಟ್ಟುಹೋಗಿದ್ದುವು. ಸಂಸ್ಥಾನವು ತನ್ನ ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳಬಹುದು. ಸಂಯುಕ್ತ ಸರ್ಕಾರದ ಕೈಯನ್ನು ಹಿಡಿದು ನಿಲ್ಲಿಸಬಾರದು.

೪

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ಸೂಕ್ಷ್ಮವು ಮರೆತುಹೋಯಿತು. ವಲಸೆ ಬಂದವರ ವಿಷಯದಲ್ಲಿ ಊರ ಪೋಲೀಸರನ್ನು ತಡೆಯುವ ಶಾಸನವು ಎಲ್ಲಿಯೂ ಇರಲಿಲ್ಲ. ೧೯೦೭ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ ಸಂಸ್ಥಾನದ ಬೆಲ್ಲಿಂಗ್‌ಹ್ಯಾಮ್ ಪಟ್ಟಣದಲ್ಲಿ ಮರದ ಕಾರಖಾನೆಗಳಲ್ಲಿ ದುಡಿಯುತ್ತಿದ್ದ ಪಂಜಾಬಿನ ಕೂಲಿಗಾರರ ಬಿಡಾರಗಳಿಗೆ ಬಿಳಿಯರ ಗುಂಪು ನುಗ್ಗಿ ಅವರನ್ನು ಹೊರಡಿಸಿತು. ಪೋಲೀಸರು ಗುಂಪನ್ನು ಚದುರಿಸಲಿಲ್ಲ. ಬೆನ್ನಟ್ಟಿಸಿಕೊಂಡವರನ್ನೇ ನಗರಸಭೆಯ ಕಟ್ಟಡದಲ್ಲಿ ಕೂಡಿಟ್ಟರು. ಕೆಲವೇ ದಿನಗಳಲ್ಲಿ ಆ ಭಾರತೀಯರೆಲ್ಲರೂ ಊರನ್ನು ಬಿಟ್ಟುಹೋದರು. ಮತಾಧಿಕಾರವಿಲ್ಲದವರಿಗೆ ಊರ ಪೋಲೀಸು ಹೇಗೆ ಒದಗುವುದೆಂಬುದಕ್ಕೆ ಇದು ಒಂದು ನಿದರ್ಶನ.

ಕಾಂಗ್ರೆಸ್ ಸಭೆಯು ೧೯೨೪ರಲ್ಲಿ ಗಡಿಯ ಕಾವಲುದಳವನ್ನು ಸ್ಥಾಪಿಸಿತು. ೧೯೨೯ರಲ್ಲಿ ನಿಯತಸ್ಥಳವನ್ನು ತಪ್ಪಿಸಿ ಗಡಿ ದಾಟುವುದನ್ನು ಅಪರಾಧವಾಗಿ ಮಾಡಿತು. ಆಗ ತಲೆದೋರಿದ ಆರ್ಥಿಕ ಮುಗ್ಗಟ್ಟಿನಲ್ಲಿ ಮೆಕ್ಸಿಕೋದವರನ್ನು ಹೊರಡಿಸಬೇಕೆಂಬ ಕೂಗು ಎದ್ದಿತು. ೧೯೩೧ರ ಫೆಬ್ರುವರಿ ೨೬ರಂದು ಲಾಸ್ ಏಂಜಲೀಸಿನ ಲಾ ಪ್ಲಸೀಟ ಎಂಬ ಚೌಕವನ್ನು ಸಂಯುಕ್ತ ಸರ್ಕಾರದ ಅಧಿಕಾರಿಗಳು ನಗರದ ಪೋಲೀಸರ ನೆರವಿನಿಂದ ಸುತ್ತುಗಟ್ಟಿ, ಅಲ್ಲಿ ಕುಳಿತಿದ್ದ ಸುಮಾರು ನಾನೂರು ಜನರನ್ನು ಒಬ್ಬೊಬ್ಬರಾಗಿ ಪ್ರಶ್ನಿಸಿದರು. ಕೊನೆಗೆ ಹಿಡಿದೊಯ್ದವರ ಸಂಖ್ಯೆಯು ಬಹಳ ಸಣ್ಣದು. ಆದರೆ ಹುಟ್ಟಿದ ಭಯವು ದೊಡ್ಡದು. ಆ ದಶಕದಲ್ಲಿ ಮೆಕ್ಸಿಕೋಗೆ ಸಾಗಿಸಲ್ಪಟ್ಟವರಲ್ಲಿ ಅಮೆರಿಕೆಯಲ್ಲಿಯೇ ಹುಟ್ಟಿದ ಪೌರರು ಬಹು ಮಂದಿ ಇದ್ದರೆಂದು ಒಪ್ಪಿಕೊಂಡು, ಕ್ಯಾಲಿಫೋರ್ನಿಯ ಸಂಸ್ಥಾನವು ೨೦೦೫ರಲ್ಲಿ ಶಾಸನರೂಪವಾಗಿಯೇ ಕ್ಷಮಾಪಣೆ ಕೇಳಿತು.

ಇದೇ ೧೯೩೧ರಲ್ಲಿ ಒಂದು ಗಮನಾರ್ಹವಾದ ಸಂಗತಿಯು ನಡೆಯಿತು. ಅಧ್ಯಕ್ಷ ಹೂವರನು ೧೯೨೯ರಲ್ಲಿ ಜಾರ್ಜ್ ವಿಕರ್‌ಷ್ಯಾಮನ ಅಧ್ಯಕ್ಷತೆಯಲ್ಲಿ ನೇಮಿಸಿದ್ದ ವಿಚಾರಣಾ ಸಮಿತಿಯು ತನ್ನ ವರದಿಗಳನ್ನು ಪ್ರಕಟಿಸಿತು. ಅವುಗಳಲ್ಲಿ ಒಂದು, ತಪ್ಪೊಪ್ಪಿಗೆಗಾಗಿ ಪೋಲೀಸರು ನಡೆಸುತ್ತಿದ್ದ ಹಿಂಸೆಯನ್ನು ಬಯಲಿಗೆಳೆಯಿತು. ಇನ್ನೊಂದು ಪರದೇಶಸ್ಥರನ್ನು ಹೊರಗಟ್ಟುವ ಕಾಯಿದೆಗಳ ಆಚರಣೆಯನ್ನು ವಿಮರ್ಶಿಸಿತು. ಹಿಡಿಯುವವನೂ ಆಪಾದಿಸುವವನೂ ತೀರ್ಮಾನಿಸುವವನೂ ಒಂದೇ ಇಲಾಖೆಯವನಾಗಿರುವುದು ನ್ಯಾಯಕ್ಕೆ ದೂರವೆಂದು ಅದು ತಿಳಿಸಿತು. ಪೋಲೀಸಿನ ಅಂಕೆಗೆ ಸಂಬಂಧಿಸಿದ ವರದಿಯೂ ವಲಸೆಗೆ ಸಂಬಂಧಿಸಿದ ವರದಿಯೂ ಒಂದೇ ಸಮಿತಿಯಿಂದ ಒಂದೇ ವರ್ಷದಲ್ಲಿ ಹೊರಬಿದ್ದುದು ಆಕಸ್ಮಿಕವೆಂದು ತೋರುವುದಿಲ್ಲ. ಎರಡರಲ್ಲಿಯೂ ಕೇಳಿದ್ದು ಒಂದೇ ಪ್ರಶ್ನೆ: ಬಂಧಿಸುವ ಅಧಿಕಾರವುಳ್ಳವನನ್ನು ಕಾಯುವವರು ಯಾರು?

೫

ಸಂಸ್ಥಾನ ಶಾಸನದ ಆಧುನಿಕ ಇತಿಹಾಸವು ಆರಿಗನ್ ಸಂಸ್ಥಾನದ ಇಂಡಿಪೆಂಡೆನ್ಸ್ ಎಂಬ ಸಣ್ಣ ಊರಿನ ಒಂದು ಉಪಾಹಾರಗೃಹದಲ್ಲಿ ಪ್ರಾರಂಭವಾಗುತ್ತದೆ. ೧೯೭೭ರಲ್ಲಿ ಸ್ಥಳೀಯ ಪೋಲೀಸು ಅಧಿಕಾರಿಗಳು ಅಲ್ಲಿಗೆ ಬಂದು, ಯಾವ ವಾರಂಟೂ ಇಲ್ಲದೆ, ಮೆಕ್ಸಿಕೋ ಮೂಲದವರಂತೆ ಕಂಡವರನ್ನು ಮಾತ್ರ ಆರಿಸಿ ಅವರು ಎಲ್ಲಿಯವರೆಂದು ಎಲ್ಲರೆದುರಿಗೆ ಪ್ರಶ್ನಿಸಿದರು. ಹಾಗೆ ಅವಮಾನಿತರಾದವರಲ್ಲಿ ಒಬ್ಬನು ಅಮೆರಿಕೆಯ ಪೌರ. ಅವನು ನ್ಯಾಯಸ್ಥಾನಕ್ಕೆ ಹೋದನು. ಅವನ ಪರವಾಗಿ ನಿಂತ ವಕೀಲ ರಾಕಿ ಬರೀಯನು ೧೯೮೬ರಲ್ಲಿ ಸಂಸ್ಥಾನದ ಶಾಸನಸಭೆಗೆ ಚುನಾಯಿತನಾಗಿ, ನ್ಯಾಯಸ್ಥಾನದಲ್ಲಿ ಒಬ್ಬನಿಗಾಗಿ ಬೇಡಿದ್ದನ್ನು ಸಭೆಯಲ್ಲಿ ಎಲ್ಲರಿಗಾಗಿ ಮಂಡಿಸಿದನು. ೧೯೮೭ರ ಕಾಯಿದೆಯು ಎರಡು ಪಕ್ಷಗಳವರ ಸಮ್ಮತಿಯಿಂದ ಬಹುತೇಕ ಸರ್ವಾನುಮತವಾಗಿ ಅಂಗೀಕೃತವಾಯಿತು. ವಲಸೆಯ ಕಾನೂನನ್ನು ಮೀರಿ ದೇಶದಲ್ಲಿರುವುದೊಂದನ್ನುಳಿದು ಬೇರೆ ಯಾವ ತಪ್ಪನ್ನೂ ಮಾಡದವರನ್ನು ಪತ್ತೆಹಚ್ಚಲು ಅಥವಾ ಹಿಡಿಯಲು ಸಂಸ್ಥಾನದ ಯಾವ ಪೋಲೀಸು ದಳವೂ ತನ್ನ ಹಣವನ್ನಾಗಲಿ, ಸಾಮಗ್ರಿಯನ್ನಾಗಲಿ, ಸಿಬ್ಬಂದಿಯನ್ನಾಗಲಿ ಉಪಯೋಗಿಸಕೂಡದು ಎಂಬುದು ಅದರ ಸಾರ. ಇಡೀ ಸಂಸ್ಥಾನಕ್ಕೆ ಅನ್ವಯಿಸುವ ಇಂತಹ ಶಾಸನಗಳಲ್ಲಿ ಇದೇ ಮೊದಲನೆಯದು.

ಈ ಶಾಸನಕ್ಕೆ ಪ್ರೇರಕವಾದ ಎರಡು ವಾದಗಳನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದು ಸಮಾನತೆಯ ವಾದ: ಮುಖವನ್ನು ನೋಡಿ ಪ್ರಶ್ನಿಸಲು ಪೋಲೀಸರಿಗೆ ಅವಕಾಶವಿತ್ತರೆ ಪೌರನೂ ಅವಮಾನಕ್ಕೆ ಗುರಿಯಾಗುವನು. ಎರಡನೆಯದು ಪೋಲೀಸರೇ ಮುಂದಿಟ್ಟ ವಾದ. ಲಾಸ್ ಏಂಜಲೀಸ್ ನಗರದ ಪೋಲೀಸು ಇಲಾಖೆಯು ೧೯೭೯ರ ನವೆಂಬರಿನಲ್ಲಿ ೪೦ನೆಯ ವಿಶೇಷಾಜ್ಞೆಯೆಂದು ಪ್ರಸಿದ್ಧವಾದ ನಿಯಮವನ್ನು ಹೊರಡಿಸಿ, ಒಬ್ಬನ ವಲಸೆಯ ಸ್ಥಿತಿಯನ್ನು ತಿಳಿಯುವ ಉದ್ದೇಶದಿಂದಲೇ ಯಾವ ಕ್ರಮವನ್ನೂ ಪ್ರಾರಂಭಿಸಬಾರದೆಂದು ತನ್ನವರಿಗೆ ವಿಧಿಸಿತು. ಕಳವಾದವನೂ ಕಳವನ್ನು ಕಂಡವನೂ ಠಾಣೆಗೆ ಬರಲು ಹೆದರಿದರೆ ಪೋಲೀಸಿನ ಕೆಲಸವೇ ಸಾಗದೆಂಬುದು ಅದರ ಹಿನ್ನೆಲೆ. ೧೯೮೩ರಲ್ಲಿ ಪಶ್ಚಿಮ ಸಂಸ್ಥಾನಗಳಿಗೆ ಸೇರಿದ ಒಂಬತ್ತನೆಯ ವಲಯದ ಅಪೀಲು ನ್ಯಾಯಸ್ಥಾನವು, ಅರಿಜೋನದ ಪಿಯೋರಿಯ ನಗರದ ಪೋಲೀಸರ ಮೇಲಿನ ಮೊಕದ್ದಮೆಯಲ್ಲಿ, ಗಡಿಯನ್ನು ಕದ್ದು ದಾಟುವಂತಹ ಅಪರಾಧದ ವಿಷಯದಲ್ಲಿ ಊರ ಪೋಲೀಸರು ಸಂಸ್ಥಾನದ ಕಾನೂನಿಗೆ ಒಳಪಟ್ಟು ಹಿಡಿಯಬಹುದೆಂದೂ, ಅನುಮತಿಪತ್ರವಿಲ್ಲದಿರುವುದೊಂದೇ ಅಪರಾಧವಲ್ಲವೆಂದೂ ಭೇದವನ್ನು ತೋರಿಸಿತು. ೧೮೯೩ರ ತೀರ್ಪಿನಲ್ಲಿ ಅಡಗಿದ್ದ ಪ್ರಶ್ನೆಯು ಹೀಗೆ ಹೊರಬಂದಿತು.

೬

ಕಾಂಗ್ರೆಸ್ ಸಭೆಯು ೧೯೯೬ರಲ್ಲಿ ಈ ಪ್ರಶ್ನೆಗೆ ತನ್ನದೇ ಉತ್ತರವನ್ನು ಕೊಟ್ಟಿತು. ಆ ವರ್ಷದ ಕಾಯಿದೆಯಿಂದ ೧೮೮೨ರ ಕರಾರಿನ ಪದ್ಧತಿಯು ಬೇರೆ ರೂಪದಲ್ಲಿ ಮರಳಿ ಬಂದಿತು. ವಲಸೆಯ ಕಾನೂನಿನ ೨೮೭(ಜಿ) ಎಂಬ ವಿಧಿಯ ಪ್ರಕಾರ ಸಂಸ್ಥಾನವಾಗಲಿ ಕೌಂಟಿಯಾಗಲಿ ಒಪ್ಪಂದ ಮಾಡಿಕೊಂಡರೆ, ಅದರ ಅಧಿಕಾರಿಗಳು ತರಬೇತು ಹೊಂದಿ ಸಂಯುಕ್ತ ಅಧಿಕಾರಿಗಳ ಉಸ್ತುವಾರಿಯಲ್ಲಿ ವಲಸೆಯ ಅಧಿಕಾರವನ್ನು ಚಲಾಯಿಸಬಹುದು. ಮೊದಲನೆಯ ಒಪ್ಪಂದವನ್ನು ೨೦೦೨ರಲ್ಲಿ ಫ್ಲಾರಿಡವು ಮಾಡಿಕೊಂಡಿತು.

ಮರುವರ್ಷ, ೧೯೯೭ರಲ್ಲಿ, ಸಂಬಂಧವಿಲ್ಲದಂತೆ ತೋರುವ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಟೋರಿಯ ಸೂತ್ರಕ್ಕೆ ಹೊಸ ಜೀವವನ್ನು ತುಂಬಿತು. ಕೈಬಂದೂಕನ್ನು ಕೊಳ್ಳುವವನ ಪೂರ್ವಚರಿತ್ರೆಯನ್ನು ಸ್ಥಳೀಯ ಪೋಲೀಸು ಮುಖ್ಯಸ್ಥನೇ ವಿಚಾರಿಸಬೇಕೆಂದು ಒಂದು ಸಂಯುಕ್ತ ಕಾಯಿದೆಯು ವಿಧಿಸಿದ್ದಿತು. ಮಾಂಟಾನದ ಜೇ ಪ್ರಿಂಟ್ಸ್ ಮತ್ತು ಅರಿಜೋನದ ರಿಚರ್ಡ್ ಮ್ಯಾಕ್ ಎಂಬ ಶೆರೀಫರು ಇದನ್ನು ಪ್ರತಿಭಟಿಸಿದರು. ನ್ಯಾಯಮೂರ್ತಿ ಸ್ಕಲಿಯನು ಬರೆದ ತೀರ್ಪು ಅವರ ಪರವಾಗಿ ಆಯಿತು. ಸಂಯುಕ್ತ ಸರ್ಕಾರವು ಸಂಸ್ಥಾನದ ಅಧಿಕಾರಿಯನ್ನು ಬಿಟ್ಟಿ ಹಿಡಿಯಲಾಗದೆಂಬುದು ಇದರ ನಿಷ್ಕರ್ಷೆ. ಕನ್ನಡನಾಡಿನ ಶಾಸನಗಳನ್ನು ಓದಿದವರಿಗೆ ಬಿಟ್ಟಿಯೆಂಬ ಮಾತಿನ ಭಾರವನ್ನು ವಿವರಿಸಬೇಕಾಗಿಲ್ಲ. ಬಂದೂಕಿನ ಸ್ವಾತಂತ್ರ್ಯವನ್ನು ಬಯಸಿದವರು ಗಳಿಸಿದ ಈ ತೀರ್ಪೇ ಇಪ್ಪತ್ತು ವರ್ಷಗಳ ಮೇಲೆ ವಲಸೆಗಾರರ ಪಕ್ಷದವರಿಗೆ ಮುಖ್ಯವಾದ ಆಧಾರವಾಯಿತು.

ಒಪ್ಪಂದದ ಪದ್ಧತಿಯ ಪರಿಣಾಮವು ಅರಿಜೋನದ ಮಾರಿಕೋಪ ಕೌಂಟಿಯಲ್ಲಿ ಪೂರ್ಣವಾಗಿ ಕಂಡುಬಂದಿತು. ಅಲ್ಲಿಯ ಶೆರೀಫ ಜೋ ಅರ್ಪಾಯೊ ೧೯೯೩ರಿಂದ ೨೦೧೬ರ ಕೊನೆಯವರೆಗೂ ಅಧಿಕಾರದಲ್ಲಿದ್ದನು. ೨೦೦೭ರಲ್ಲಿ ೨೮೭(ಜಿ) ಒಪ್ಪಂದವನ್ನು ಮಾಡಿಕೊಂಡು ಅವನು ರಸ್ತೆಗಳಲ್ಲಿ ಸಾಮೂಹಿಕ ತಪಾಸಣೆಗಳನ್ನು ನಡೆಸಿದನು. ಸಂಯುಕ್ತ ಸರ್ಕಾರವು ೨೦೦೯ರಲ್ಲಿ ರಸ್ತೆಯ ಮೇಲಣ ಅಧಿಕಾರವನ್ನು ಹಿಂದಕ್ಕೆ ತೆಗೆದುಕೊಂಡರೂ ತಪಾಸಣೆಗಳು ನಿಲ್ಲಲಿಲ್ಲ. ೨೦೧೩ರ ಮೇ ತಿಂಗಳಲ್ಲಿ ಜಿಲ್ಲಾ ನ್ಯಾಯಾಧೀಶ ಮರೆ ಸ್ನೋ, ಲ್ಯಾಟಿನ್ ಮೂಲದವರನ್ನು ಜನಾಂಗದ ಗುರುತಿನಿಂದಲೇ ತಡೆದು ರಾಜ್ಯಾಂಗವನ್ನು ಉಲ್ಲಂಘಿಸಿರುವುದು ಸಿದ್ಧವಾಗಿದೆಯೆಂದು ತೀರ್ಪಿತ್ತನು. ತರುವಾಯದ ಆಜ್ಞೆಯಿಂದ ಪ್ರತಿಯೊಂದು ತಡೆಯ ವಿವರವನ್ನೂ ಬರೆದಿಡಬೇಕಾಯಿತು. ಅಧಿಕಾರಿಗಳು ಕ್ಯಾಮರಾಗಳನ್ನು ಧರಿಸಬೇಕಾಯಿತು. ನ್ಯಾಯಸ್ಥಾನದ ಪರವಾಗಿ ಒಬ್ಬ ಮೇಲ್ವಿಚಾರಕನು ಕುಳಿತನು. ಆಜ್ಞೆಯನ್ನು ಮೀರಿದುದಕ್ಕಾಗಿ ಅರ್ಪಾಯೊ ೨೦೧೭ರ ಜುಲೈಯಲ್ಲಿ ನ್ಯಾಯಾಲಯನಿಂದೆಯ ಅಪರಾಧಿಯೆನಿಸಿ, ಮರುತಿಂಗಳೇ ಅಧ್ಯಕ್ಷ ಟ್ರಂಪನ ಕ್ಷಮಾದಾನವನ್ನು ಪಡೆದನು. ವಲಸೆಯ ಮೊಕದ್ದಮೆಯಾಗಿ ಪ್ರಾರಂಭವಾದುದು ಪೋಲೀಸು ಮೇಲ್ವಿಚಾರಣೆಯ ಮೊಕದ್ದಮೆಯಾಗಿ ಬೆಳೆದುದನ್ನು ಇಲ್ಲಿ ಗಮನಿಸಬೇಕು.

ಅರಿಜೋನ ಸಂಸ್ಥಾನವು ಮಾತ್ರ ಎದುರು ದಿಕ್ಕಿನಲ್ಲಿ ನಡೆಯಿತು. ೨೦೧೦ರ ಏಪ್ರಿಲಿನಲ್ಲಿ ಅದು ವಲಸೆಯ ತಪ್ಪುಗಳನ್ನು ಸಂಸ್ಥಾನದ ಅಪರ��ಧಗಳಾಗಿ ಮಾಡುವ ಶಾಸನವನ್ನು ತಂದಿತು. ೨೦೧೨ರ ಜೂನಿನಲ್ಲಿ ಸುಪ್ರೀಂ ಕೋರ್ಟು ಅದರ ಮೂರು ವಿಧಿಗಳನ್ನು ರದ್ದು ಮಾಡಿ, ಬೇರೆ ಕಾರಣದಿಂದ ತಡೆದವನ ಮೇಲೆ ಸಂಶಯವಿದ್ದರೆ ಅವನ ವಲಸೆಯ ಸ್ಥಿತಿಯನ್ನು ವಿಚಾರಿಸಬೇಕೆಂಬ ಒಂದು ವಿಧಿಯನ್ನು ಉಳಿಸಿತು. ಸಂಸ್ಥಾನವು ತಾನೇ ಪ್ರತ್ಯೇಕವಾಗಿ ವಲಸೆಯ ದಂಡಾಧಿಕಾರಿಯಾಗಲಾರದು ಎಂಬ ೧೮೭೬ರ ತತ್ತ್ವವು ಇಲ್ಲಿ ಪುನಃ ಸ್ಥಾಪಿತವಾಯಿತು.

೭

ಈ ನಡುವೆ ವ್ಯಾಜ್ಯದ ಸ್ಥಳವು ಬೀದಿಯಿಂದ ಸೆರೆಮನೆಯ ಬಾಗಿಲಿಗೆ ಸರಿದಿದ್ದಿತು. ೨೦೦೮ರಿಂದ, ಯಾವ ಊರಿನಲ್ಲಿ ಯಾರನ್ನು ಹಿಡಿದರೂ ಅವರ ಬೆರಳಚ್ಚು ತಾನಾಗಿ ವಲಸೆಯ ಇಲಾಖೆಗೆ ತಲುಪುವ ಏರ್ಪಾಡು ಪ್ರಾರಂಭವಾಯಿತು. ಬೇಕಾದವನು ಸಿಕ್ಕಿದರೆ, ಬಿಡುಗಡೆಯ ಹೊತ್ತು ಮೀರಿದರೂ ಎರಡು ದಿನಗಳವರೆಗೆ ಅವನನ್ನು ಇಟ್ಟುಕೊಂಡಿರಬೇಕೆಂದು ಇಲಾಖೆಯು ಶೆರೀಫನಿಗೆ ಡಿಟೇನರ್ ಎಂಬ ಪತ್ರವನ್ನು ಕಳುಹಿಸುತ್ತಿದ್ದಿತು. ಇದಕ್ಕೆ ನ್ಯಾಯಾಧೀಶನ ರುಜುವಿಲ್ಲ. ಇದು ಆಜ್ಞೆಯೋ ಕೋರಿಕೆಯೋ? ಪೆನ್ಸಿಲ್ವೇನಿಯದ ಒಂದು ಕೌಂಟಿಯಲ್ಲಿ ಇಂತಹ ಪತ್ರದ ಮೇಲೆ ಅಮೆರಿಕೆಯ ಪೌರನೊಬ್ಬನನ್ನೇ ಸೆರೆಯಲ್ಲಿಟ್ಟಿದ್ದರು. ೨೦೧೪ರಲ್ಲಿ ಆ ಮೊಕದ್ದಮೆಯಲ್ಲಿ ಅಪೀಲು ನ್ಯಾಯಸ್ಥಾನವು, ಅದು ಕೇವಲ ಕೋರಿಕೆ, ಪಾಲಿಸಿದ ಕೌಂಟಿಯೇ ತನ್ನ ಕೃತ್ಯಕ್ಕೆ ಹೊಣೆ ಎಂದು ನಿರ್ಣಯಿಸಿತು. ಅದೇ ವರ್ಷ ಆರಿಗನ್ನಿನ ಕ್ಲ್ಯಾಕಮಸ್ ಕೌಂಟಿಯ ವಿಷಯದಲ್ಲಿಯೂ ಇಂತಹುದೇ ತೀರ್ಪು ಬಂದಿತು. ಪರಿಹಾರದ ಹಣವು ತಮ್ಮ ಬೊಕ್ಕಸದಿಂದ ಹೋಗುವುದೆಂದು ಗೊತ್ತಾದೊಡನೆ ಅನೇಕ ಶೆರೀಫರು, ವಲಸೆಗಾರರ ಮೇಲೆ ವಿಶೇಷ ಕನಿಕರವಿಲ್ಲದವರೂ ಸಹ, ಡಿಟೇನರುಗಳನ್ನು ಬದಿಗಿಟ್ಟರು. ೨೦೧೭ರಲ್ಲಿ ಮ್ಯಾಸಚೂಸೆಟ್ಸಿನ ಪರಮೋಚ್ಚ ನ್ಯಾಯಸ್ಥಾನವು, ಅಪರಾಧವಲ್ಲದ ವಿಷಯಕ್ಕಾಗಿ ಬಂಧಿಸುವ ಅಧಿಕಾರವು ಸಂಸ್ಥಾನದ ಕಾನೂನಿನಲ್ಲಿ ತನ್ನ ಅಧಿಕಾರಿಗಳಿಗೆ ಇಲ್ಲವೆಂದು ಸಾರಿತು.

ಶಾಸನಗಳೂ ಬಂದುವು. ಕ್ಯಾಲಿಫೋರ್ನಿಯವು ೨೦೧೩ರ ಕಾಯಿದೆಯಿಂದ ಅಲ್ಪಾಪರಾಧಿಗಳನ್ನು ಡಿಟೇನರಿನ ಮೇಲೆ ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ೨೦೧೬ರ ಕಾಯಿದೆಯಿಂದ, ವಲಸೆಯ ಅಧಿಕಾರಿಗಳಿಗೆ ಸೆರೆಮನೆಯೊಳಕ್ಕೆ ಪ್ರವೇಶ ಕೊಟ್ಟ ಕೌಂಟಿಯು ವರ್ಷಕ್ಕೊಮ್ಮೆ ಸಾರ್ವಜನಿಕ ಸಭೆಯನ್ನು ನೆರೆಸಿ ಲೆಕ್ಕವನ್ನು ಒಪ್ಪಿಸುವಂತೆ ಮಾಡಿತು. ೨೦೧೭ರ ಕಾಯಿದೆಯಿಂದ, ಗುರುತರವಾದ ಅಪರಾಧಗಳಲ್ಲಿ ಶಿಕ್ಷಿತರಾದವರನ್ನು ಹೊರತುಪಡಿಸಿ, ಸಹಕಾರವನ್ನು ಬಹುವಾಗಿ ನಿಲ್ಲಿಸಿತು. ಅದೇ ವರ್ಷ ಇಲ್ಲಿನಾಯ್ ಸಂಸ್ಥಾನದ ಕಾಯಿದೆಗೆ ರಿಪಬ್ಲಿಕನ್ ಪಕ್ಷದ ಗವರ್ನರ್ ಬ್ರೂಸ್ ರೌನರನು ರುಜು ಹಾಕಿದನು. ಕ್ಯಾಲಿಫೋರ್ನಿಯದ ಮೇಲೆ ಸಂಯುಕ್ತ ಸರ್ಕಾರವು ಹೂಡಿದ ಮೊಕದ್ದಮೆಯಲ್ಲಿ ಅಪೀಲು ನ್ಯಾಯಸ್ಥಾನವು ೨೦೧೯ರಲ್ಲಿ, ನೆರವನ್ನು ನಿರಾಕರಿಸುವುದು ಅಡ್ಡಿಪಡಿಸಿದಂತಾಗದೆಂದು ಹೇಳಿತು. ಸ್ಟೋರಿಯ ಗಡಿಕಲ್ಲು ಇದ್ದಲ್ಲಿಯೇ ಇದ್ದಿತು.

ಪ್ರತಿಪಕ್ಷದ ವಾದವನ್ನು ಹಗುರವಾಗಿ ಎಣಿಸಲಾಗದು. ೨೦೧೫ರ ಜುಲೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಹಡಗುಕಟ್ಟೆಯ ಮೇಲೆ ತಂದೆಯೊಡನೆ ನಡೆದಾಡುತ್ತಿದ್ದ ಯುವತಿಯೊಬ್ಬಳು ಗುಂಡುತಗಲಿ ಸತ್ತಳು. ಗುಂಡುಹಾರಿಸಿದನೆಂದು ಆಪಾದಿತನಾದವನು ಐದು ಸಲ ಹೊರಗಟ್ಟಲ್ಪಟ್ಟಿದ್ದವನು; ಕೆಲವು ತಿಂಗಳ ಹಿಂದೆ ಡಿಟೇನರನ್ನು ಲಕ್ಷಿಸದೆ ಅವನನ್ನು ಊರ ಶೆರೀಫನು ಬಿಟ್ಟಿದ್ದನು. ೨೦೧೭ರಲ್ಲಿ ಪಂಚಾಯಿತರು ಅವನು ಕೊಲೆಗಾರನಲ್ಲವೆಂದು ಹೇಳಿದರೂ, ಬಿಡುಗಡೆಯ ನಿರ್ಧಾರಕ್ಕೆ ಉತ್ತರ ಹೇಳಬೇಕಾದವರು ಯಾರೆಂಬ ಪ್ರಶ್ನೆಯು ಅಳಿಯಲಿಲ್ಲ. ಟೆಕ್ಸಸ್ ಸಂಸ್ಥಾನವು ೨೦೧೭ರ ಮೇ ತಿಂಗಳಲ್ಲಿ ಇದಕ್ಕೆ ತನ್ನ ಉತ್ತರವನ್ನು ಶಾಸನರೂಪದಲ್ಲಿ ಕೊಟ್ಟಿತು. ಡಿಟೇನರನ್ನು ಪಾಲಿಸದ ಶೆರೀಫನು ಅಪರಾಧಿಯಾಗುವನು. ಸಹಕಾರವನ್ನು ತಡೆದ ಊರಿಗೆ ದಿನವೊಂದಕ್ಕೆ ೨೫,೦೦೦ ಡಾಲರಿಗೂ ಮೇಲ್ಪಟ್ಟ ದಂಡ ಬೀಳಬಹುದು. ಜನರು ಆರಿಸಿದ ಅಧಿಕಾರಿಯನ್ನೂ ಪದಚ್ಯುತನನ್ನಾಗಿ ಮಾಡಬಹುದು. ೨೦೧೮ರಲ್ಲಿ ಅಪೀಲು ನ್ಯಾಯಸ್ಥಾನವು ಇದರ ಬಹುಭಾಗವನ್ನು ಎತ್ತಿಹಿಡಿಯಿತು. ಬಿಟ್ಟಿ ಹಿಡಿಯಬಾರದೆಂಬ ರಕ್ಷಣೆಯು ಸಂಸ್ಥಾನಕ್ಕೆ ಸಲ್ಲುವುದೇ ಹೊರತು ಅದರ ಊರುಗಳಿಗೆ ಸಲ್ಲದು. ಆದುದರಿಂದ ಆರಿಗನ್ನಿನ ಶಾಸನವೂ ಟೆಕ್ಸಸಿನ ಶಾಸನವೂ ಉದ್ದೇಶದಲ್ಲಿ ವಿರುದ್ಧವಾದರೂ ಸ್ವರೂಪದಲ್ಲಿ ಸೋದರಿಯರು. ಎರಡೂ ಊರ ಪೋಲೀಸಿನವನಿಗೆ, ನೀನು ಸಂಸ್ಥಾನದ ಶಾಸನಸಭೆಗೆ ಉತ್ತರವಾದಿ, ಎಂದು ಹೇಳುತ್ತವೆ.

೮

ಮೊದಲು ಹೇಳಿದ ಎರಡು ಕವಲುಗಳು ಕೂಡಿಕೊಳ್ಳುವುದನ್ನು ಪುನಃ ಆರಿಗನ್ನಿನಲ್ಲಿಯೇ ಕಾಣಬಹುದು. ಆ ಸಂಸ್ಥಾನವು ೨೦೧೭ರಲ್ಲಿ, ಪೋಲೀಸರು ಬೀದಿಯಲ್ಲಿ ಯಾರನ್ನು ತಡೆದರೂ ಅದರ ವಿವರವನ್ನು ದಾಖಲೆ ಮಾಡಬೇಕೆಂದೂ, ಸಂಸ್ಥಾನದ ದಂಡನ್ಯಾಯ ಮಂಡಲಿಯು ಅದನ್ನು ಪರಿಶೀಲಿಸಬೇಕೆಂದೂ ಶಾಸನ ಮಾಡಿತು. ೧೯೮೭ರ ಕಾಯಿದೆಯನ್ನು ರದ್ದುಪಡಿಸಬೇಕೆಂಬ ಸೂಚನೆಯು ೨೦೧೮ರ ನವೆಂಬರಿನಲ್ಲಿ ನೇರವಾಗಿ ಮತದಾರರ ಮುಂದೆ ಬಂದಿತು. ನೂರಕ್ಕೆ ಸುಮಾರು ೬೩ ಮಂದಿ ಅದನ್ನು ತಳ್ಳಿಹಾಕಿದರು. ೨೦೨೧ರ ಶಾಸನವು, ವಲಸೆಯ ಇಲಾಖೆಯಿಂದ ಪೋಲೀಸರಿಗೆ ಬಂದ ಪ್ರತಿಯೊಂದು ಕೋರಿಕೆಯನ್ನೂ ಬರೆದಿಟ್ಟು ಅದೇ ದಂಡನ್ಯಾಯ ಮಂಡಲಿಗೆ ವರದಿ ಮಾಡಬೇಕೆಂದು ವಿಧಿಸಿ, ಉಲ್ಲಂಘನೆಯಾದರೆ ನೊಂದವನು ದಾವಾ ಹೂಡಬಹುದೆಂದು ಸೇರಿಸಿತು. ಮೂವತ್ತು ವರ್ಷಗಳವರೆಗೆ ಕೇವಲ ನಿಷೇಧವಾಗಿದ್ದುದಕ್ಕೆ ಲೆಕ್ಕದ ಪುಸ್ತಕವೊಂದು ದೊರೆಯಿತು. ಲೆಕ್ಕವಿಲ್ಲದ ನಿಷೇಧವು ಅಧಿಕಾರಿಯ ಸದ್ಭಾವವನ್ನು ನಂಬಿ ನಿಲ್ಲಬೇಕಾಗುತ್ತದೆ.

೨೦೨೫ರ ಜನವರಿ ೨೦ರ ಅಧ್ಯಕ್ಷಾಜ್ಞೆಯು ೨೮೭(ಜಿ) ಒಪ್ಪಂದಗಳನ್ನು ಸಾಧ್ಯವಾದಷ್ಟೂ ಹೆಚ್ಚಿಸಬೇಕೆಂದು ವಿಧಿಸಿತು. ಆ ವರ್ಷ ಮುಗಿಯುವುದರೊಳಗೆ ಅವುಗಳ ಸಂಖ್ಯೆಯು ಸಾವಿರವನ್ನು ಮೀರಿತು. ಜುಲೈಯಲ್ಲಿ ಇಲ್ಲಿನಾಯ್ ಸಂಸ್ಥಾನದ ಮೇಲಿನ ಸಂಯುಕ್ತ ಸರ್ಕಾರದ ದಾವೆಯನ್ನು ಜಿಲ್ಲಾ ನ್ಯಾಯಸ್ಥಾನವು ವಜಾ ಮಾಡಿತು. ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯವು, ಕರ್ತವ್ಯದಲ್ಲಿರುವ ಅಧಿಕಾರಿಗಳು, ಸಂಯುಕ್ತ ಸರ್ಕಾರದವರೂ ಸೇರಿದಂತೆ, ಮುಖವನ್ನು ಮರೆಸಿಕೊಳ್ಳಬಾರದೆಂಬ ಶಾಸನವನ್ನು ಮಾಡಿತು. ಸಂಯುಕ್ತ ಸರ್ಕಾರವು ಅದನ್ನು ನ್ಯಾಯಸ್ಥಾನದಲ್ಲಿ ಪ್ರಶ್ನಿಸಿತು. ಈ ಕೊನೆಯ ಶಾಸನವು ಹಿಂದಿನವುಗಳಿಗಿಂತ ಭಿನ್ನವಾದುದು. ತನ್ನ ಕೈಯನ್ನು ಸೆಳೆದುಕೊಳ್ಳುವುದಕ್ಕೆ ಸಂಸ್ಥಾನಕ್ಕೆ ೧೮೪೨ರ ಆಧಾರವಿದೆ. ಪರರ ಕೈಗೆ ನಿಯಮ ಹಾಕುವಾಗ ೧೮೫೯ರ ತೀರ್ಪು ಎದುರು ನಿಲ್ಲುತ್ತದೆ.

ಹೀಗೆ ಸುಮಾರು ಎರಡು ಶತಮಾನಗಳ ಈ ಚರಿತ್ರೆಯಲ್ಲಿ ಪಕ್ಷಗಳು ಅನೇಕಸಲ ಸ್ಥಳವನ್ನು ಬದಲಾಯಿಸಿವೆ. ಗುಲಾಮರ ಒಡೆಯರು ಸಂಯುಕ್ತ ಅಧಿಕಾರದ ಮೊರೆಹೊಕ್ಕರು. ಬಂದೂಕಿನ ಪಕ್ಷದವರು ಸಂಸ್ಥಾನದ ಸ್ವಾತಂತ್ರ್ಯವನ್ನು ಸಾಧಿಸಿದರು. ವಲಸೆಗಾರರ ಪಕ್ಷದವರು ೨೦೧೨ರಲ್ಲಿ ಮೊದಲನೆಯದನ್ನೂ ೨೦೧೯ರಲ್ಲಿ ಎರಡನೆಯದನ್ನೂ ಆಶ್ರಯಿಸಿದರು. ತತ್ತ್ವಗಳು ಯಾರ ಸ್ವತ್ತೂ ಆಗಿ ನಿಂತಿಲ್ಲ. ಸ್ಥಿರವಾಗಿ ಉಳಿದಿರುವುದು ಮಾರ್ಗರೆಟ್ ಮಾರ್ಗನ್ನಳ ಬಾಗಿಲಿನಿಂದ ಇಂಡಿಪೆಂಡೆನ್ಸಿನ ಉಪಾಹಾರಗೃಹದವರೆಗೂ ಕಂಡುಬರುವ ಒಂದೇ ದೃಶ್ಯ: ಎದುರಿಗೆ ನಿಂತ ಅಧಿಕಾರಿಯು ಯಾರ ಮಾತಿನಿಂದ ಬಂದಿದ್ದಾನೆಂದೂ, ತಪ್ಪಿದರೆ ಯಾರಿಗೆ ಉತ್ತರ ಹೇಳುವನೆಂದೂ ತಿಳಿಯದೆ ನಿಂತಿರುವ ಮನುಷ್ಯ. ಆ ಎರಡು ಸಂಗತಿಗಳನ್ನು ಮೊದಲೇ ಬರೆದಿಡುವುದೇ ಈ ಶಾಸನಗಳ ಪ್ರಯೋಜನ. ಬರೆದುದು ಎಷ್ಟರಮಟ್ಟಿಗೆ ನಡೆಯಿತೆಂಬುದರಿಂದಲೇ ಅವುಗಳ ಬೆಲೆಯನ್ನು ಕಟ್ಟಬೇಕಾಗಿದೆ.